ಹಗ್ಗಕ್ಕೆ ಕೈ ಹಾಕಿದವರ ಪಾಲು

ಡಿಸೆಂಬರ್ ಮೊದಲ ವಾರದ ಗುರುವಾರ, ಬೆಳಗ್ಗೆ ಆರೂವರೆ. ಸ್ಥಳ, ಅಂಕೋಲೆಯ ಕಡಲತೀರ. ಹಾಜರಿದ್ದವರು: ಅನುದಾನ ಪರಿಶೀಲನಾ ಸಮಿತಿಯ ಅಧ್ಯಕ್ಷರು, ಅವರೊಂದಿಗೆ ಬಂದ ಹಣಕಾಸು ಅಧಿಕಾರಿ, ನಮ್ಮ ಕೇಂದ್ರದ ಇಬ್ಬರು ತರಬೇತಿ ಸಂಶೋಧಕರು ಮತ್ತು ನಾನು. ಇವರಲ್ಲದೆ ಯೆಂಡಿ ಬಲೆಯ ಎರಡು ಹಗ್ಗಗಳನ್ನು ಹಿಡಿದು ನಿಂತಿದ್ದ ನಲವತ್ತರಷ್ಟು ಜನ. ಅವರು ನಮಗಾಗಿ ಬಂದವರಲ್ಲ, ತಮ್ಮ ಕೆಲಸಕ್ಕೆ ಬಂದವರು.

ಯೆಂಡಿ ಎಂದರೆ ದಡದಿಂದಲೇ ಎಳೆಯುವ ಬಲೆ. ದೋಣಿಯೊಂದು ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗಗಳನ್ನು ದಡದವರು ಸಮನಾಗಿ ಎಳೆಯಬೇಕು. ಒಂದು ಕಡೆ ಸಡಿಲಾದರೆ ಮೀನು ಆ ಕಡೆಯಿಂದಲೇ ಹೋಗುತ್ತದೆ. ಸಮಿತಿಗೆ ನಾನು ಆರು ಗಂಟೆಗೆ ಬರಲು ಹೇಳಿದ್ದೆ. ಅವರು ಬಂದಾಗ ಬಲೆ ಅರ್ಧ ದಾರಿಯಲ್ಲಿತ್ತು. ತಡವಾಗಿದೆ ಎಂದು ಹೇಳಿದೆ. ಹಣಕಾಸು ಅಧಿಕಾರಿ ಕಾರವಾರದ ಹೋಟೆಲಿನಲ್ಲಿ ಚಹಾ ತಡವಾಯಿತು ಎಂದರು.

ಅವರನ್ನು ಅಲ್ಲಿಗೆ ಕರೆಸಿದ್ದು ಒಂದು ಸಹಿಯ ವಿಷಯಕ್ಕೆ.

ನಮ್ಮ ಕೇಂದ್ರ ಕಾರವಾರದಲ್ಲಿ, ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಗಳಲ್ಲಿದೆ. ವ್ಯಸನ ಮತ್ತು ಮಾನಸಿಕ ಆರೋಗ್ಯದ ಕುರಿತು ಸಂಶೋಧನೆ ಮಾಡುವವರನ್ನು ತಯಾರು ಮಾಡುವುದು ನಮ್ಮ ಕೆಲಸ. ಮದ್ದು ಕೊಡುವವರು ಬೇರೆ ಇದ್ದಾರೆ. ಯಾರು ಯಾವಾಗ ಕುಡಿಯಲು ತೊಡಗಿದರು, ಬಿಟ್ಟವರು ಹೇಗೆ ಬಿಟ್ಟರು, ಬಿಟ್ಟು ಮತ್ತೆ ಹಿಡಿದವರು ಯಾಕೆ ಹಿಡಿದರು ಎಂದು ಕ್ರಮವಾಗಿ ಕೇಳಿ ತಿಳಿದು ಬರೆಯುವವರು ಈ ಕರಾವಳಿಯಲ್ಲಿ ಇರಲಿಲ್ಲ. ಸರ್ಕಾರ ಅದಕ್ಕೆಂದೇ ಅನುದಾನ ಕೊಡುತ್ತದೆ. ಸಂಶೋಧಕರ ಶಿಷ್ಯವೇತನವೂ ಕೋಣೆಗಳ ಬಾಡಿಗೆಯೂ ಅದರಿಂದಲೇ ನಡೆಯಬೇಕು. ವರ್ಷಕ್ಕೊಮ್ಮೆ ಸಮಿತಿ ಬಂದು ನೋಡಿ ಒಪ್ಪಿದರೆ ಮುಂದಿನ ವರ್ಷ ಉಂಟು. ಮಾನಸಿಕ ರೋಗಿಗಳ ವಾರ್ಡಿನ ಶುಶ್ರೂಷಾ ಅಧೀಕ್ಷಕಿಯಾಗಿ ನಿವೃತ್ತಳಾದ ನನಗೆ ಅಲ್ಲಿ ಕ್ಷೇತ್ರ ತರಬೇತಿಯ ಹೊಣೆ.

ಹಿಂದಿನ ದಿನ, ಬುಧವಾರ, ಸಮಿತಿ ಕಡತಗಳನ್ನು ನೋಡಿತ್ತು. ಸಂಜೆ ಹಣಕಾಸು ಅಧಿಕಾರಿ ಟೈಪು ಮಾಡಿದ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಅಧ್ಯಯನಕ್ಕೆ ಒಳಪಟ್ಟ ವ್ಯಕ್ತಿಗಳಿಂದ ನಮ್ಮ ಸಂಶೋಧಕರು ಮೀನು ಸ್ವೀಕರಿಸುತ್ತಿರುವುದು ಕಂಡುಬಂದಿದೆ, ಇನ್ನು ಮುಂದೆ ಯಾವ ವಸ್ತುವನ್ನೂ ಸ್ವೀಕರಿಸುವುದಿಲ್ಲ ಎಂಬ ಮುಚ್ಚಳಿಕೆ ಅದು. ಕ್ಷೇತ್ರ ತರಬೇತಿಯ ಮುಖ್ಯಸ್ಥೆ ಸಹಿ ಹಾಕಿದರೆ ನವೀಕರಣ. ಇಲ್ಲವಾದರೆ ಶಿಷ್ಯವೇತನ ಈ ತಿಂಗಳಿಂದಲೇ ತಡೆ.

‘ಕಂಡುಬಂದಿದೆ’ ಎಂಬ ಮಾತು ನನಗೆ ಹಿಡಿಸಲಿಲ್ಲ. ಅವರು ಕಂಡುಹಿಡಿದದ್ದು ಏನೂ ಇರಲಿಲ್ಲ. ಮೀನು ತೆಗೆದುಕೊಳ್ಳುತ್ತೇವೆ ಎಂದು ಅರ್ಧವಾರ್ಷಿಕ ವರದಿಯಲ್ಲಿ ನಾನೇ ಬರೆದಿದ್ದೆ. ನಮ್ಮ ಲೆಕ್ಕದ ಗುಮಾಸ್ತರು ಆಗಲೇ, ಮೇಡಮ್, ಇದನ್ನು ಬರೆಯಬೇಡಿ, ಯಾರೂ ಕೇಳುವುದಿಲ್ಲ ಎಂದಿದ್ದರು. ಬರೆಯಲಾಗದ ಕೆಲಸವನ್ನು ನಾನು ವಾರ್ಡಿನಲ್ಲೂ ಮಾಡಿದವಳಲ್ಲ. ನಾಳೆ ಬೆಳಗ್ಗೆ ಅಂಕೋಲೆಗೆ ಬನ್ನಿ, ನೋಡಿ, ಆಮೇಲೆ ಸಹಿಯ ಮಾತಾಡೋಣ ಎಂದು ಆ ಹಾಳೆಯನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡೆ.

ಮೀನಿನ ಸಂಗತಿ ಶುರುವಾದದ್ದು ಆಗಸ್ಟ್‌ನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ.

ನಮ್ಮಲ್ಲಿ ಇಬ್ಬರು ಸಂಶೋಧಕರಿದ್ದರು. ಒಬ್ಬ ಹಾವೇರಿ ಕಡೆಯ ಹುಡುಗ, ಮನಃಶಾಸ್ತ್ರ ಓದಿದವನು, ಸಮುದ್ರವನ್ನು ಹತ್ತಿರದಿಂದ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ಇನ್ನೊಬ್ಬಳು ಚೆಂಡಿಯಾದ ಹತ್ತಿರದ ಪುನರ್ವಸತಿ ಕಾಲನಿಯ ಹುಡುಗಿ. ಅವಳ ಅಜ್ಜನ ಗದ್ದೆ ನೌಕಾನೆಲೆಗೆ ಹೋಗಿತ್ತು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡದಲ್ಲಿ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಅವಳು ಕೇಳಿಕೊಂಡು ಬಂದ ಸೀಟು ಇದು. ಜನವರಿಯಲ್ಲಿ ಅವಳ ಎರಡನೇ ವರ್ಷ ಶುರುವಾಗಬೇಕಿತ್ತು. ನವೀಕರಣ ಆಗದಿದ್ದರೆ ಗುತ್ತಿಗೆದಾರರೊಬ್ಬರ ಕ್ಯಾಂಟೀನಿನಲ್ಲಿ ಬಿಲ್ಲು ಬರೆಯುವ ಕೆಲಸ ಕಾದಿತ್ತು. ಒಂದನೇ ತಾರೀಕಿಗೆ ಸೇರಬೇಕೆಂದು ಮನೆಯವರು ಮಾತು ಕೊಟ್ಟೂ ಆಗಿತ್ತು.

ಮೊದಲ ಕೆಲವು ವಾರ ಇಬ್ಬರೂ ಕ್ರಮದಂತೆ ಹತ್ತು ಗಂಟೆಗೆ ತೀರಕ್ಕೆ ಹೋಗಿ, ಒಪ್ಪಿಗೆ ಪತ್ರ ಓದಿ ಹೇಳಿ, ಪ್ರಶ್ನಾವಳಿ ತುಂಬಿಸಿಕೊಂಡು ಬಂದರು. ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಕುಡಿದಿರಿ, ಎಷ್ಟು ಕುಡಿದಿರಿ, ಬೆಳಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ. ಎಲ್ಲ ಉತ್ತರ ‘ಇಲ್ಲ’. ನಮ್ಮ ಹಾಳೆಗಳನ್ನು ನಂಬಿದರೆ ಅಂಕೋಲೆಯ ತೀರದಲ್ಲಿ ಒಬ್ಬನೇ ಒಬ್ಬ ಕುಡಿಯುವವನಿರಲಿಲ್ಲ. ಹಾಗಾದರೆ ಗೋವಾದಿಂದ ಬರುವ ಮದ್ಯದ ಬಾಟಲಿಗಳನ್ನು ಯಾರು ಖಾಲಿ ಮಾಡುತ್ತಿದ್ದಾರೆ, ಏಡಿಗಳೇ ಎಂದು ಕೇಳಿದೆ. ಹುಡುಗ ನಗಲಿಲ್ಲ. ಅವನಿಗೆ ಅಳು ಬಂದಿತ್ತು.

ಹತ್ತು ಗಂಟೆಗೆ ಹೋಗುವುದನ್ನು ನಿಲ್ಲಿಸಿ ಬಲೆ ಎಳೆಯುವ ಹೊತ್ತಿಗೆ ಹೋಗಿ ಎಂದೆ. ಹೋದರು. ಅಲ್ಲಿ ಬಲೆಯ ಮುಖ್ಯಸ್ಥ, ಅವರು ತಾಂಡೇಲ ಎನ್ನುತ್ತಾರೆ, ಹುಡುಗನಿಗೆ ಹೇಳಿದ್ದು ಇಷ್ಟು:

“ತಮಾ, ನಿಂತ್ಕಂಡು ನೋಡೂದಾದ್ರೆ ಆಚೀಗೆ ಹೋಗಿ ನಿಲ್ಲು. ಇಲ್ಲಾ, ಬಂದು ಹಗ್ಗ ಹಿಡಿ. ನಡೂ ನಿಂತ್ರೆ ಕಾಲಿಗೆ ಸಿಕ್ತೆ.”

ಇಬ್ಬರೂ ಹಗ್ಗ ಹಿಡಿದರು. ವಾರದೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು, ಮಾತೂ ಎದ್ದಿತು. ಹಗ್ಗ ಎಳೆಯುವವನು ಪಕ್ಕದವನ ಮುಖ ನೋಡುವುದಿಲ್ಲ, ಇಬ್ಬರೂ ಸಮುದ್ರವನ್ನೇ ನೋಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಜನ ಹೇಳದೇ ಇರುವುದನ್ನು ಹೇಳುತ್ತಾರೆ. ಬಲೆ ಬಂದ ಮೇಲೆ, ದಡದಲ್ಲಿ ಕುಳಿತು, ಒಪ್ಪಿಗೆ ಕೇಳಿ ಬರೆದುಕೊಳ್ಳುವುದು ಎಂದು ಕ್ರಮ ಮಾಡಿದೆವು. ತಾರೀಕು ಕೇಳಿದರೆ ಅವರಿಗೆ ನೆನಪಾಗುತ್ತಿರಲಿಲ್ಲ. ಹುಡುಗಿ ತಾರೀಕಿನ ಬದಲು ಅಮಾವಾಸ್ಯೆ, ಹುಣ್ಣಿಮೆ, ಬಂಗಡೆ ಬಿದ್ದ ದಿನ, ಬರಿಗೈಲಿ ಬಂದ ದಿನ ಎಂದು ಗುರುತು ಹಾಕಿದ ಹಾಳೆಯೊಂದನ್ನು ಸಿದ್ಧ ಮಾಡಿದಳು. ಅದನ್ನು ಮುಂದಿಟ್ಟರೆ ಬೆರಳಿಟ್ಟು ತೋರಿಸುತ್ತಿದ್ದರು: ಇಲ್ಲಿ ಕುಡಿದೆ, ಇಲ್ಲಿ ಇಲ್ಲ, ಇಲ್ಲಿ ಎಷ್ಟು ಎಂದು ಗೊತ್ತಿಲ್ಲ.

ಅವಳು ಇನ್ನೊಂದನ್ನು ಗಮನಿಸಿದಳು. ರಾತ್ರಿ ಹೆಚ್ಚು ಕುಡಿದು ಬೆಳಗ್ಗೆ ಕೈ ನಡುಗುವವನನ್ನು ಯಾರೂ ಬೈಯುತ್ತಿರಲಿಲ್ಲ, ಮನೆಗೂ ಕಳಿಸುತ್ತಿರಲಿಲ್ಲ. ಹಗ್ಗದ ಬಾಲಕ್ಕೆ ಹಾಕುತ್ತಿದ್ದರು. ಬಂದ ಹಗ್ಗವನ್ನು ಮರಳಿನ ಮೇಲೆ ಸುತ್ತಿ ಇಡುವ ಹಗುರ ಕೆಲಸ ಅದು. ಸುಧಾರಿಸಿದಂತೆ ಅವನು ಮುಂದೆ ಮುಂದೆ ಬರುತ್ತಾನೆ. ಎದೆಮಟ್ಟ ನೀರಿನಲ್ಲಿ ಬಲೆಯ ತೋಳು ಹಿಡಿಯುವವನೇ ಎಲ್ಲರಿಗಿಂತ ಮುಂದೆ. ಯಾರು ಹಗ್ಗದ ಯಾವ ಜಾಗದಲ್ಲಿದ್ದಾರೆ ಎಂದು ಅವಳು ಪ್ರತಿದಿನ ಗುರುತು ಮಾಡತೊಡಗಿದಳು. ನಾನು ವಾರ್ಡಿನಲ್ಲಿ ರೋಗಿಯ ಎರಡೂ ಕೈ ಮುಂದಕ್ಕೆ ಚಾಚಿಸಿ, ಮೇಲೊಂದು ಕಾಗದವಿಟ್ಟು ನಡುಕ ನೋಡುತ್ತಿದ್ದೆ. ಅದೇ ಪರೀಕ್ಷೆಯನ್ನು ಇವರು ಕಾಗದವಿಲ್ಲದೆ ಮಾಡುತ್ತಿದ್ದರು. ಅವಳ ಎರಡನೇ ವರ್ಷದ ಅಧ್ಯಯನ ಅದರ ಮೇಲೆಯೇ ನಿಂತಿತ್ತು. ಬಾಲದಲ್ಲಿದ್ದವರು ಎಷ್ಟು ಕಾಲಕ್ಕೆ ಮುಂದೆ ಬರುತ್ತಾರೆ, ಬಾರದೇ ಹೋದವರು ಯಾರು.

ಆದರೆ ಹಗ್ಗ ಹಿಡಿದವರಿಗೆ ಪಾಲು ಉಂಟು. ಬಲೆ ಬಂದ ಮೇಲೆ ತಾಂಡೇಲ ಮೀನನ್ನು ಮರಳಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಹಾಕುತ್ತಾನೆ. ದೋಣಿಗೆ, ಬಲೆಗೆ, ಮತ್ತೆ ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೆ. ದಾರಿಹೋಕ ಬಂದು ಎಳೆದರೂ ಅವನಿಗೊಂದು ಗುಡ್ಡೆ. ಅನುದಾನದ ಶರತ್ತಿನಂತೆ ಏನನ್ನೂ ತೆಗೆದುಕೊಳ್ಳಬಾರದು ಎಂದು ನಾನು ಹೇಳಿ ಕಳಿಸಿದ್ದೆ. ಇಬ್ಬರೂ ಬೇಡ ಎಂದರು. ಮರುದಿನ ಹಗ್ಗದಲ್ಲಿ ಅವರಿಗೆ ಜಾಗವಿರಲಿಲ್ಲ. ಯಾರೂ ಗದರಲಿಲ್ಲ. ಕೈಗಳು ಒಂದಕ್ಕೊಂದು ಹತ್ತಿರವಾಗಿದ್ದವು ಅಷ್ಟೇ. ಪ್ರಶ್ನೆಗಳಿಗೆ ಮತ್ತೆ ‘ಇಲ್ಲ’ ಬರತೊಡಗಿತು.

ಹುಡುಗ ಒಂದು ಉಪಾಯ ಮಾಡಿದ. ಅವನು ಮೀನು ತಿನ್ನುವವನಲ್ಲ. ಬೇಡಿಕೊಂಡು ಮತ್ತೆ ಹಗ್ಗ ಹಿಡಿದು, ತನ್ನ ಪಾಲನ್ನು ತೆಗೆದುಕೊಂಡು, ವಾಪಸು ಬರುವಾಗ ಅಲ್ಲೇ ಒಂದು ಬಡ ಮನೆಯ ಹೊಸ್ತಿಲ ಮೇಲೆ ಇಟ್ಟು ಬಂದ. ತಾನು ಇಟ್ಟುಕೊಂಡ ಹಾಗೂ ಆಗಲಿಲ್ಲ, ಬೇಡ ಎಂದ ಹಾಗೂ ಆಗಲಿಲ್ಲ ಎಂದು ಅವನ ಲೆಕ್ಕ. ಆ ಮನೆಯ ಮಗ ಹಗ್ಗದ ಬಾಲದಲ್ಲಿರುವವನು, ನಮ್ಮ ಅಧ್ಯಯನದಲ್ಲೂ ಇದ್ದವನು. ಅದೇ ಮಧ್ಯಾಹ್ನ ಅವನ ತಾಯಿ ಬಸ್ಸು ಹಿಡಿದು ಕಾರವಾರಕ್ಕೆ ಬಂದು ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟಳು. ಅವಳು ಕೂಗಾಡಲಿಲ್ಲ. ಕೂತುಕೊಳ್ಳಿ ಎಂದರೆ ಕೂರಲೂ ಇಲ್ಲ.

“ನನ್ನ ಮಗ ಕುಡೀತಾ, ಹೌದು ಅಕ್ಕೋರೆ. ನಾ ಮುಚ್ಚಿಡೂದಿಲ್ಲ. ಆದ್ರೆ ಅಂವ ಹಗ್ಗ ಬಿಟ್ಟವ ಅಲ್ಲ. ಅವಂಗೆ ಅವನ ಪಾಲು ಅದೆ. ನಿಮ್ಮ ಹುಡುಗ ತನ್ನ ಪಾಲು ತಂದು ನಮ್ಮ ಹೊಸ್ತಿಲ ಮೇಲೆ ಇಟ್ರೆ ಕೇರಿಯವ್ರು ಎಂತ ತಿಳ್ಕಂತ್ರು? ಇವಂಗೆ ಹಗ್ಗ ಹಿಡೂಕೂ ಆಗೂದಿಲ್ಲ, ದಾನ ಬರ್ತೆ ಅಂತ.”

ಹುಡುಗ ಎದ್ದು ನಿಂತು ತಪ್ಪಾಯಿತು ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ತಿನ್ನೂಕೆ ಬರದೇ ಇದ್ರೆ ಬೆಕ್ಕಿಗಾರೂ ಹಾಕು ಮಾರಾಯಾ. ನಿನ್ನ ಬೆಕ್ಕಿಗೆ. ನಮ್ಮ ಬೆಕ್ಕಿಗೆ ಅಲ್ಲ.”

ಆ ಸಂಜೆಯೇ ನಾನು ನಿಯಮ ಬದಲಿಸಿದೆ. ಹಗ್ಗ ಹಿಡಿದರೆ ಪಾಲು ತೆಗೆದುಕೊಳ್ಳಬೇಕು. ಅದನ್ನು ಊರಿನಲ್ಲಿ ಬಿಡಬಾರದು, ತಮ್ಮ ಮನೆಗೆ ಒಯ್ಯಬೇಕು. ಹುಡುಗನ ಪಾಲು ಅವನ ಬಾಡಿಗೆ ಮನೆಯ ಯಜಮಾನಿಗೆ ಹೋಗತೊಡಗಿತು. ಅವನು ಬಂಗಡೆಯನ್ನು ಎರಡು ಬೆರಳಲ್ಲಿ ಬಾಲ ಹಿಡಿದು ಒಯ್ಯುವ ರೀತಿ ನೋಡಿ ತೀರದವರೆಲ್ಲ ನಕ್ಕರು. ಹಗ್ಗದಲ್ಲಿ ಜಾಗ ಸಿಕ್ಕಿತು. ಇದನ್ನೆಲ್ಲ ವರದಿಯಲ್ಲಿ ಬರೆದೆ. ಆಕ್ಷೇಪ ಬಂದದ್ದು ಅದಕ್ಕೆ.

ಈಗ ಗುರುವಾರದ ತೀರಕ್ಕೆ ಮರಳುತ್ತೇನೆ.

ಹುಡುಗ, ಹುಡುಗಿ ಇಬ್ಬರೂ ಬಡಗಣ ಹಗ್ಗದಲ್ಲಿದ್ದರು. ನಾನು ಸೆರಗು ಸಿಕ್ಕಿಸಿ ತೆಂಕಣ ಹಗ್ಗಕ್ಕೆ ಸೇರಿದೆ. ಈ ವಯಸ್ಸಿನಲ್ಲಿ ನಾನು ಎಳೆಯುವುದು ತೂಕಕ್ಕೆ ಬರುವುದಿಲ್ಲ, ಆದರೆ ಹೆಜ್ಜೆ ತಪ್ಪಿಸುವುದಿಲ್ಲ. ಅಧ್ಯಕ್ಷರು, ಅವರು ಮನೋವೈದ್ಯರು ಕೂಡ, ಬೂಟು ಕಳಚದೆ ಒಣ ಮರಳಿನ ಮೇಲೆ ನಿಂತು ನೋಡುತ್ತಿದ್ದರು. ಹಣಕಾಸು ಅಧಿಕಾರಿ ನನ್ನ ಪಕ್ಕಕ್ಕೆ ಬಂದು, ಸುತ್ತಲಿನವರಿಗೆಲ್ಲ ಕೇಳುವಂತೆ ಕೇಳಿದರು:

“ಮೇಡಮ್, ಇವರಲ್ಲಿ ಕುಡಿಯೋರು ಯಾರ್ಯಾರು?”

ನನ್ನ ಕಣ್ಣು ತಾನಾಗಿ ಬಾಲದ ಕಡೆ ಹೋಯಿತು. ಅಲ್ಲಿ ಹಗ್ಗ ಸುತ್ತುತ್ತಿದ್ದವನು ಬೇರೆ ಯಾರೋ. ಆ ತಾಯಿಯ ಮಗ ಅಲ್ಲಿರಲಿಲ್ಲ. ಬಲೆಯ ಕಡೆ ನೋಡಿದೆ. ಬಡಗಣ ಬದಿಯಲ್ಲಿ ಎಲ್ಲರಿಗಿಂತ ಮುಂದೆ, ಎದೆಮಟ್ಟ ನೀರಿನಲ್ಲಿ, ಬಲೆಯ ತೋಳು ಹಿಡಿದು ನಿಂತವನು ಅವನೇ. ಆಗಸ್ಟ್‌ನಿಂದ ನಾವು ಮಾಡಿದ ಕೆಲಸದ ಸಾರ ಆ ಅಂತರದಲ್ಲಿತ್ತು. ಬೆರಳು ಮಾಡಿ ತೋರಿಸಿದ್ದರೆ ನವೀಕರಣ ಅಲ್ಲೇ ಆಗುತ್ತಿತ್ತೋ ಏನೋ. ಒಪ್ಪಿಗೆ ಪತ್ರದಲ್ಲಿ ಗುರುತು ಹೇಳುವುದಿಲ್ಲ ಎಂದು ಬರೆದು ಓದಿ ಹೇಳಿದವರು ನಾವು.

“ಇಲ್ಲಿ ಹಗ್ಗ ಎಳೆಯುವವರಿದ್ದಾರೆ ಸರ್. ನೀವು ದಾರಿಯಲ್ಲಿ ನಿಂತಿದ್ದೀರಿ,” ಎಂದೆ.

ಬಲೆ ದಡಕ್ಕೆ ಹತ್ತಿರವಾದಾಗ ಸೆಳೆತ ಜೋರಾಯಿತು. ಬಡಗಣ ಹಗ್ಗ ಜಾರತೊಡಗಿತು. ತಾಂಡೇಲ ಎಲ್ಲರನ್ನೂ ಕೂಗಿದ, ಯಾರನ್ನೂ ಹೆಸರಿಸಿ ಕೂಗಲಿಲ್ಲ. ಅಧ್ಯಕ್ಷರು ಬೂಟು ಸಮೇತ ಓಡಿಬಂದು ಹಗ್ಗ ಹಿಡಿದರು. ಹಿಡಿದ ಮೇಲೆ ಚೆನ್ನಾಗಿಯೇ ಎಳೆದರು. ಪ್ಯಾಂಟು ಮೊಣಕಾಲ ತನಕ ಒದ್ದೆ. ಬಲೆ ಬಂತು. ಬಂಗಡೆ, ತಾರ್ಲೆ ಮೀನು, ನಡುವೆ ಒಂದಷ್ಟು ಶೆಟ್ಲಿ, ಅಂದರೆ ಸಿಗಡಿ.

ತಾಂಡೇಲ ಗುಡ್ಡೆ ಹಾಕಿದ. ಅಧ್ಯಕ್ಷರ ಮುಂದೆಯೂ ಒಂದು ಗುಡ್ಡೆ ಬಿತ್ತು. ಅವರು ಕೈ ಮುಗಿದರು. ಬಹಳ ಸಂತೋಷ, ಆದರೆ ನಾನು ಪರಿಶೀಲನೆಗೆ ಬಂದವನು, ತೆಗೆದುಕೊಳ್ಳುವಂತಿಲ್ಲ, ಇದನ್ನು ಬೇರೆ ಯಾರಿಗಾದರೂ ಕೊಡಿ ಎಂದರು. ಮರ್ಯಾದೆಯಿಂದಲೇ ಹೇಳಿದರು. ಹಣಕಾಸು ಅಧಿಕಾರಿ ನನ್ನ ಕಡೆ ನೋಡಿದರು, ನೋಡಿ ಕಲಿಯಿರಿ ಎನ್ನುವ ಹಾಗೆ.

ತಾಂಡೇಲ ಬುಟ್ಟಿ ಕೆಳಗಿಟ್ಟ.

“ಬೇರೆಯವ್ರಿಗೆ ಅವರವರದ್ದು ಅದೆ ಸಾಯೇಬ್ರೆ. ಇದು ನಿಮ್ದು. ತಕಂಡ್ರೂ ನಿಮ್ದು, ಬಿಟ್ರೂ ನಿಮ್ದು. ನಾ ಹಾಕಿದ್ ಮೇಲೆ ಎತ್ತೂಕೆ ಬರೂದಿಲ್ಲ.”

ಅವನು ಮುಂದಿನ ಗುಡ್ಡೆಗೆ ಹೋದ. ಎಲ್ಲರೂ ತಮ್ಮ ತಮ್ಮದನ್ನು ಬುಟ್ಟಿಗೆ, ಚೀಲಕ್ಕೆ, ಲುಂಗಿಯ ತುದಿಗೆ ಹಾಕಿಕೊಂಡು ಹೊರಟರು. ಅಧ್ಯಕ್ಷರ ಪಾಲು ಮರಳಿನ ಮೇಲೆ ಹಾಗೇ ಉಳಿಯಿತು. ಮೀನು ಕೊಳ್ಳಲು ಬಂದಿದ್ದ ಹೆಂಗಸರು ಅದನ್ನು ಮುಟ್ಟದೆ ಸುತ್ತುಹಾಕಿ ನಡೆದರು. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಅಧ್ಯಕ್ಷರು ಕಾರಿನ ತನಕ ಹೋಗುವಾಗ ಒಮ್ಮೆ ತಿರುಗಿ ನೋಡಿದರು.

ನಾವು ಮೂವರು ಬಸ್ಸಿನಲ್ಲಿ ಕಾರವಾರಕ್ಕೆ ಹೊರಟೆವು. ಚೆಂಡಿಯಾ ದಾಟುವಾಗ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಕ್ಯಾಂಟೀನಿನವರು ನಿನ್ನೆ ಮತ್ತೆ ಫೋನು ಮಾಡಿದ್ದರು ಎಂದಳು. ಏನು ಹೇಳಿದೆ ಎಂದು ಕೇಳಿದೆ. ಇನ್ನೂ ಏನೂ ಹೇಳಿಲ್ಲ ಎಂದಳು. ಬಸ್ಸಿಳಿದು ಮೀನು ಮಾರುಕಟ್ಟೆಯಲ್ಲಿ ನನ್ನ ಪಾಲಿನ ಮೀನಿದ್ದ ಚೀಲಕ್ಕೆ ಐಸು ಹಾಕಿಸಿಕೊಂಡೆ.

ಹತ್ತೂವರೆಗೆ ಸಭೆ. ಚೀಲವನ್ನು ಕಿಟಕಿಯ ಸರಳಿಗೆ ತೂಗುಹಾಕಿ ಕೆಳಗೊಂದು ಬಕೆಟ್ ಇಟ್ಟೆ. ಹಣಕಾಸು ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು, ಅದನ್ನು ಹೊರಗಿಡಬಹುದೇ ಎಂದರು. ನಾವು ಚರ್ಚಿಸುತ್ತಿರುವ ವಸ್ತು ಅದೇ ಅಲ್ಲವೇ, ಎದುರಿಗಿರಲಿ ಎಂದೆ. ಸಭೆಯುದ್ದಕ್ಕೂ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

ಅಧ್ಯಕ್ಷರು ಬೇರೆ ಬಟ್ಟೆ ಹಾಕಿಕೊಂಡು ಬಂದಿದ್ದರು. ಅವರ ವಾದ ಹುರುಳಿಲ್ಲದ್ದೇನೂ ಆಗಿರಲಿಲ್ಲ.

“ನಾನು ವ್ಯಸನಿಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವರು ಕೊಡುವ ಪ್ರತಿಯೊಂದರ ಹಿಂದೆಯೂ ಒಂದು ಕೇಳುವುದು ಇರುತ್ತದೆ. ಇವತ್ತು ಮೀನು. ನಾಳೆ ಬಾಟಲಿ. ನಾಡಿದ್ದು, ನನ್ನ ಬಗ್ಗೆ ಒಳ್ಳೆಯದು ಬರೆ ಅನ್ನುತ್ತಾನೆ. ನಿಮ್ಮ ಮಕ್ಕಳು ಇನ್ನೂ ಕಲಿಯುತ್ತಿದ್ದಾರೆ. ಅವರಿಗೆ ಎಲ್ಲಿ ನಿಲ್ಲಬೇಕು ಅಂತ ಯಾರು ಹೇಳುತ್ತಾರೆ?”

ಬಾಟಲಿ ಬಂದಿತ್ತು ಎಂದೆ. ಇಬ್ಬರು ಸಂಶೋಧಕರೂ ನನ್ನತ್ತ ನೋಡಿದರು. ಅಕ್ಟೋಬರ್‌ನಲ್ಲಿ ಒಬ್ಬರು ಹುಡುಗನ ಚೀಲದೊಳಗೆ ಗೋವಾದ ಬಾಟಲಿಯೊಂದನ್ನು ತುರುಕಿದ್ದರು. ಹುಡುಗ ಅದನ್ನು ನೇರವಾಗಿ ನನಗೆ ತಂದುಕೊಟ್ಟ. ಮರುದಿನ ನಾನೇ ಹೋಗಿ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಕೊಟ್ಟವರ ಕೈಗೆ ಹಿಂದಿರುಗಿಸಿ, ಇದು ಬೇಡ ಎಂದು ಹೇಳಿ ಬಂದೆ. ಅವರು ಅದರ ನಂತರವೂ ನಮ್ಮೊಂದಿಗೆ ಮಾತಾಡುತ್ತಾರೆ. ಅದನ್ನೂ ವರದಿಯಲ್ಲಿ ಬರೆದಿದ್ದೇನೆ, ಮೀನು ಬರೆದ ಪುಟದ ಮುಂದಿನ ಪುಟದಲ್ಲೇ ಇದೆ ಎಂದೆ. ಅಧಿಕಾರಿ ಪುಟ ತಿರುಗಿಸಿದರು. ಇತ್ತು.

“ಬಾಟಲಿ ಮನುಷ್ಯ ಮನುಷ್ಯನಿಗೆ ಕೊಟ್ಟದ್ದು ಸರ್. ಅದಕ್ಕೆ ನೀವು ಹೇಳಿದ ಹಾಗೆ ಹಿಂದೊಂದು ಕೇಳುವುದಿತ್ತು. ಪಾಲನ್ನು ಅಧ್ಯಯನದಲ್ಲಿರುವವರು ಕೊಡುವುದಿಲ್ಲ, ತಾಂಡೇಲ ಹಗ್ಗ ನೋಡಿ ಕೊಡುತ್ತಾನೆ. ಬೆಳಗ್ಗೆ ನಿಮಗೂ ಹಾಕಿದ. ನಿಮ್ಮಿಂದ ಅವನಿಗೆ ಏನು ಬೇಕಿತ್ತು?”

ಅಧ್ಯಕ್ಷರು, ನಿಯಮ ಇಡೀ ರಾಜ್ಯಕ್ಕೆ ಒಂದೇ, ಅಂಕೋಲೆಯ ಒಂದು ಬಲೆಗಾಗಿ ಅದನ್ನು ಮುರಿಯುವ ಅಧಿಕಾರ ತಮಗಿಲ್ಲ ಎಂದರು. ಆಗ ಹಣಕಾಸು ಅಧಿಕಾರಿ ಮೆತ್ತಗಿನ ದನಿಯಲ್ಲಿ, ಸಹಿ ಹಾಕಿಬಿಡಿ ಮೇಡಮ್, ಆಮೇಲೆ ತೀರದಲ್ಲಿ ಏನು ನಡೆಯುತ್ತದೆ ಅಂತ ನಾವು ನೋಡಲು ಬರುವುದಿಲ್ಲ, ಈ ಹುಡುಗಿಯ ಭವಿಷ್ಯವನ್ನಾದರೂ ಯೋಚಿಸಿ ಎಂದರು.

ನನಗೆ ಸಿಟ್ಟು ಬಂದದ್ದು ಆಗ. ಸಹಿ ಹಾಕಿ ಮುರಿಯುವುದನ್ನು ಕಲಿಸಲು ನಾನು ಅಲ್ಲಿ ಕೂತಿರಲಿಲ್ಲ. ಆದರೆ ಮಾತು ನನ್ನ ಬಾಯಿಂದ ಹೊರಡುವ ಮೊದಲು ಹುಡುಗಿ ಎದ್ದಳು. ಸಭೆಯಲ್ಲಿ ಅವಳಿಗೆ ಮಾತಾಡುವ ಅವಕಾಶ ಇರಲಿಲ್ಲ. ಅಧ್ಯಕ್ಷರು ಕೈ ಸನ್ನೆ ಮಾಡಿ ಹೇಳು ಎಂದರು.

“ನನ್ನ ಹೆಸರು ಹೇಳಿ ಸಹಿ ಹಾಕೂದು ಬೇಡ ಸರ್. ನಮ್ಮ ಜಾಗ ಹೋಗೂವಾಗ ಎಷ್ಟೋ ಜನ ಬರ್ಕೊಳ್ಳೂಕೆ ಬಂದಿದ್ರಂತೆ. ನಮ್ಮಜ್ಜಿ ಇವತ್ತಿಗೂ ಹೇಳ್ತದೆ. ಎಲ್ರೂ ಒಳ್ಳೇ ಜನ, ಮೆಟ್ಟಿಲ ಮೇಲೇ ಕೂತು ಬರ್ದ್ರು, ಕೊಟ್ಟ ಚಾ ಸೈತ ಮುಟ್ಲಿಲ್ಲ. ಕುಡಿದ್ರೆ ತಪ್ಪಾಗ್ತದೆ ಅಂದ್ರು. ಅವರು ಎಂತ ಬರ್ಕೊಂಡು ಹೋದ್ರು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ನಮ್ಮವರೂ ಅವರಿಗೆ ನಿಜ ಹೇಳಿಲ್ಲ.”

ಅವಳು ಕೂತಳು.

ನಾನು ಕೈಚೀಲದಿಂದ ಆ ಹಾಳೆ ತೆಗೆದೆ. ‘ಯಾವ ವಸ್ತುವನ್ನೂ ಸ್ವೀಕರಿಸುವುದಿಲ್ಲ’ ಎಂಬ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೈಬರಹದಲ್ಲಿ ಬರೆದೆ: ಬಲೆಯ ಹಗ್ಗ ಎಳೆದ ದಿನ, ಎಳೆದ ಎಲ್ಲರಿಗೂ ಸಿಗುವಷ್ಟೇ ಪಾಲನ್ನು ನಮ್ಮ ಸಂಶೋಧಕರು ಎಲ್ಲರ ಎದುರಿಗೆ ಸ್ವೀಕರಿಸುತ್ತಾರೆ ಮತ್ತು ವರದಿಯಲ್ಲಿ ತಿಳಿಸುತ್ತಾರೆ. ಮದ್ಯ, ಹಣ ಅಥವಾ ಒಬ್ಬರನ್ನೇ ಕರೆದು ಕೊಡುವ ಯಾವ ಉಡುಗೊರೆಯನ್ನೂ ಸ್ವೀಕರಿಸುವುದಿಲ್ಲ. ಕೆಳಗೆ ಸಹಿ ಹಾಕಿ, ತಾರೀಕು, ಗಂಟೆ ಬರೆದು, ಅಧ್ಯಕ್ಷರ ಮುಂದಕ್ಕೆ ಸರಿಸಿದೆ.

ಅವರು ಎರಡು ಸಲ ಓದಿದರು. ಇದನ್ನು ಮುಚ್ಚಳಿಕೆ ಎಂದು ಒಪ್ಪಲು ಸಾಧ್ಯವಿಲ್ಲ, ಮೇಲಿನ ಸಮಿತಿಗೆ ಕಳಿಸಬೇಕು, ಅದು ತೀರ್ಮಾನಿಸುವವರೆಗೆ ಶಿಷ್ಯವೇತನ ನಿಲ್ಲುತ್ತದೆ ಎಂದರು. ಷರಾ ಬರೆಯಲು ಪೆನ್ನು ತೆಗೆದರು. ‘ಪರಿಶೀಲನೆಯಲ್ಲಿದೆ’ ಎಂದು ಬರೆಯಲೇ ಎಂದು ಕೇಳಿದರು. ಅದು ನಮಗೆ ಸ್ವಲ್ಪ ಮರ್ಯಾದೆಯ ಮಾತು ಎಂದು ಅವರ ಅಭಿಪ್ರಾಯವಿರಬೇಕು.

“ಬೇಡ ಸರ್. ಮುಖ್ಯಸ್ಥೆ ಒಪ್ಪಲಿಲ್ಲ ಎಂದು ಬರೆಯಿರಿ. ಯಾಕೆ ಒಪ್ಪಲಿಲ್ಲ ಎಂಬುದನ್ನೂ ಬರೆಯಿರಿ. ಮೇಲಿನವರು ಓದಲಿ.”

ಅವರು ಹಾಗೆಯೇ ಬರೆದರು. ಕಾರಣವನ್ನು ನನ್ನ ಮಾತಿನಲ್ಲೇ ಬರೆದರು, ಒಂದು ಪದ ಬಿಡದೆ. ಅದಕ್ಕೆ ನಾನು ಧನ್ಯವಾದ ಹೇಳಿದೆ.

ಮೆಟ್ಟಿಲಿಳಿಯುವಾಗ ಅಧಿಕಾರಿ ಮುಂದೆ ಹೋಗಿದ್ದರು. ಅಧ್ಯಕ್ಷರು ನಿಂತರು. ಒದ್ದೆ ಬೂಟು ಪ್ಲಾಸ್ಟಿಕ್ ಚೀಲದಲ್ಲಿ ಅವರ ಕೈಯಲ್ಲಿತ್ತು.

“ಆ ಮೀನನ್ನು ಕೊನೆಗೆ ಯಾರು ತೆಗೆದುಕೊಂಡಿರುತ್ತಾರೆ?”

“ಯಾರೂ ತೆಗೆದುಕೊಂಡಿರುವುದಿಲ್ಲ ಸರ್. ಹದ್ದು ಬಿಟ್ಟಿದ್ದರೆ ಅಲ್ಲೇ ಇರುತ್ತದೆ.”

ಅವರು ತಲೆಯಾಡಿಸಿ ಇಳಿದು ಹೋದರು. ಹುಬ್ಬಳ್ಳಿಗೆ ಹೋಗುವ ಕಾರು ಅಂಕೋಲೆಯ ಮೇಲೆಯೇ ಹೋಗಬೇಕು, ಆಮೇಲೆ ರಾಮನಗುಳಿ, ಘಟ್ಟ. ಅಂಕೋಲೆಯಲ್ಲಿ ನಿಲ್ಲಿಸಿದರೋ ಇಲ್ಲವೋ, ತಾಂಡೇಲನನ್ನು ನಾನು ವಿಚಾರಿಸಲಿಲ್ಲ.

ಎರಡು ಗಂಟೆಗೆ ತರಗತಿ ಇತ್ತು, ನಡೆಸಿದೆ. ಅಂದಿನ ಪಾಠ, ಕ್ವಾರ್ಟರು, ಲೋಟ, ಬಾಟಲಿಯ ಮುಚ್ಚಳ ಇತ್ಯಾದಿ ಊರಿನ ಅಳತೆಗಳನ್ನು ಮದ್ಯಸಾರದ ಗ್ರಾಮಿಗೆ ಪರಿವರ್ತಿಸುವುದು. ಹುಡುಗ ಒಂದು ಕಡೆ ತಪ್ಪಿದ, ತಿದ್ದಿಸಿದೆ. ಹುಡುಗಿ ಬೆಳಗಿನ ಹಗ್ಗದ ಜಾಗಗಳನ್ನು ಗುರುತು ಮಾಡಿದಳು. ಬಡಗಣ ಹಗ್ಗದ ಎಲ್ಲಕ್ಕಿಂತ ಮುಂದಿನ ಜಾಗಕ್ಕೆ ಬಂದಾಗ ಅವಳ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಗುರುತು ಹಾಕಿದಳು.

ನಾಲ್ಕು ಗಂಟೆಗೆ ಅವಳು ವರಾಂಡಕ್ಕೆ ಹೋಗಿ ಫೋನು ಮಾಡಿದಳು. ಕೊಂಕಣಿಯಲ್ಲಿ ಮಾತು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಒಳಗೆ ಬಂದು, ಒಂದನೇ ತಾರೀಕಿಗೆ ಬರುವುದಿಲ್ಲ ಅಂತ ಕ್ಯಾಂಟೀನಿನವರಿಗೆ ಹೇಳಿದೆ ಎಂದಳು. ದುಡುಕಬೇಡ, ಶಿಷ್ಯವೇತನ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

“ಗೊತ್ತುಂಟು ಮೇಡಮ್,” ಎಂದಳು. “ನಾಳೆ ಎಷ್ಟೊತ್ತಿಗೆ?”

“ಆರಕ್ಕೆ. ತಡ ಮಾಡಬೇಡ.”

ಮನೆಗೆ ಬಂದು, ಬಟ್ಟೆ ಬದಲಿಸಿ, ಬಂಗಡೆಗಳನ್ನು ಹಿತ್ತಲ ಕಲ್ಲಿನ ಮೇಲೆ ಹಾಕಿಕೊಂಡೆ. ಐಸು ಪೂರ್ತಿ ಕರಗಿತ್ತು, ಮೀನು ಕೆಟ್ಟಿರಲಿಲ್ಲ. ಒಂದೊಂದನ್ನೇ ಕಿವಿರು ಕಿತ್ತು, ಹೊಟ್ಟೆ ಸೀಳಿ, ಮೂರು ನೀರಿನಲ್ಲಿ ತೊಳೆದು, ಉಪ್ಪು ಅರಿಶಿನ ಹಚ್ಚಿ ಮುಚ್ಚಿಟ್ಟೆ. ಕಲ್ಲು ತೊಳೆದೆ, ಕತ್ತಿ ತೊಳೆದು ಅದರ ಜಾಗದಲ್ಲಿಟ್ಟೆ.